ತುಳಸಿ, ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್) ಒಣಗಿಸೋದು ಬಿಸಿಲಲ್ಲಾ, ನೆರಳಲ್ಲಾ?

ಪ್ರಶ್ನೆ (ತೀರ್ಥಹಳ್ಳಿ): ಕಷಾಯಕ್ಕೆ ಅಂತ ತುಳಸಿ ಒಣಗಿಸಿ ಇಡುತ್ತೇವೆ. ಅಂಗಳದ ಬಿಸಿಲಿಗೆ ಹಾಕಿದ್ದು ಬೇಗ ಗರಿಗರಿ ಆಗುತ್ತದೆ, ಆದರೆ ಬಣ್ಣ ಕಂದು, ಘಮವೂ ಇಲ್ಲ. ಅಮ್ಮ ಜಗಲಿಯಲ್ಲಿ ಒಣಗಿಸಿದ್ದು ಹಸಿರಾಗಿಯೇ ಇದೆ. ಮಳೆಗಾಲದಲ್ಲಿ ಏನು ಮಾಡೋದು? ಅಡಿಕೆ ಡ್ರೈಯರ್‌ಗೆ ಹಾಕಬಹುದಾ?

ಉತ್ತರ (ಶಿರಸಿ): ಅಮ್ಮ ಮಾಡಿದ್ದೇ ಸರಿ. ತುಳಸಿಯ ಆ ಲವಂಗದಂಥ ಘಾಟು ಯೂಜಿನಾಲ್ ಅನ್ನುವ ಘಮದ ಅಂಶ ಇರುವ ಎಣ್ಣೆಯಿಂದ ಬರುತ್ತದೆ. ಅದು ಎಲೆಯ ಮೇಲಿನ ಸಣ್ಣ ಗ್ರಂಥಿಗಳಲ್ಲಿರುತ್ತದೆ. ಬಿಸಿ ಜಾಸ್ತಿಯಾದರೆ ಹಾರಿಹೋಗುತ್ತದೆ. ಡ್ರೈಯರ್ ಆಗುತ್ತದೆ, 40 ಡಿಗ್ರಿ ದಾಟಿಸಬೇಡಿ. ಅಡಿಕೆಗೆ ಕೊಡುವ ಶಾಖ ಇದಕ್ಕೆ ವಿಪರೀತ. ಹೊಗೆ ತಾಗುವಂಥದ್ದಾದರೆ ಬೇಡವೇ ಬೇಡ, ಎಲೆ ಆ ವಾಸನೆ ಹೀರಿಕೊಳ್ಳುತ್ತದೆ.

ಉತ್ತರ (ಮೂಡಿಗೆರೆ): ಸುಮ್ನೆ ನೆರಳಿದ್ದರೆ ಸಾಲದು, ಗಾಳಿ ಬೇಕು. ನಮ್ಮಲ್ಲಿ ಆಷಾಢದ ಥಂಡಿಗೆ ದಪ್ಪಗೆ ಹರಡಿದರೆ ಬೂಸ್ಟು ಗ್ಯಾರಂಟಿ. ಬೂಸ್ಟು ಬಂದದ್ದನ್ನು ಮತ್ತೆ ಒಣಗಿಸಿ ಬಳಸಬೇಡಿ, ಎಸೆದುಬಿಡಿ. ಬಲೆಯ ಮೇಲೆ ಒಂದೇ ಪದರ ಹರಡಿ ಫ್ಯಾನ್ ಹಾಕಿ. ದಂಟು ಲಟ್ಟನೆ ಮುರಿಯಬೇಕು. ಬಾಗಿದರೆ ಒಳಗೆ ಇನ್ನೂ ನೀರಿದೆ, ಡಬ್ಬಿಗೆ ಹಾಕಬೇಡಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ. ಮಜ್ಜಿಗೆ ಹುಲ್ಲನ್ನು ಉದ್ದಕ್ಕೇ ಒಣಗಿಸೋದಾ, ಕತ್ತರಿಸಿಯಾ?

ಉತ್ತರ (ಶಿರಸಿ): ಬೆರಳುದ್ದ ಕತ್ತರಿಸಿ. ಸಣ್ಣಗೆ ಹೆಚ್ಚಿದರೆ ಬೇಗ ಒಣಗುತ್ತದೆ ನಿಜ, ಆದರೆ ಕೊಯ್ದ ಜಾಗದಿಂದಲೇ ಘಮ ಹೋಗುತ್ತದೆ ಅಲ್ವಾ? ಪುಡಿ ಮಾಡೋದು ಕುದಿಸುವ ಹೊತ್ತಿಗೆ.