ಸಹಾಯ ಬೇಕು: ಪೈಥಾನ್‌ನಲ್ಲಿ ಯಾಮಲ್ ಫೈಲ್ ತಿದ್ದುವಾಗ ಕಾಮೆಂಟ್ ಉಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಒಂದಷ್ಟು ಯಾಮಲ್ (YAML, ಸೆಟ್ಟಿಂಗ್ ಬರೆದಿಡುವ ಪಠ್ಯ ರೂಪ) ಕಾನ್ಫಿಗ್ ಫೈಲ್‌ಗಳಲ್ಲಿ ಒಂದೊಂದು ವ್ಯಾಲ್ಯೂ ಮಾತ್ರ ಸ್ಕ್ರಿಪ್ಟ್‌ನಿಂದ ಬದಲಾಯಿಸಬೇಕು. ಈಗ ಪೈಯಾಮಲ್ (PyYAML) ಎಂಬ ಪೈಥಾನ್ ಲೈಬ್ರರಿ ಬಳಸುತ್ತಿದ್ದೇನೆ. ಸೇಫ್ ಲೋಡ್ ಮಾಡಿ (ಓದಿ), ತಿದ್ದಿ, ಮತ್ತೆ ಡಂಪ್ ಮಾಡಿದರೆ (ಬರೆದರೆ) ಕಾಮೆಂಟ್‌ಗಳೆಲ್ಲ ಮಾಯ. ಆ ಕಾಮೆಂಟ್‌ಗಳಲ್ಲೇ ಯಾವ ಸೆಟ್ಟಿಂಗ್ ಯಾಕೆ ಅಂತ ಬರೆದಿದೆ, ಕಳೆದುಕೊಳ್ಳುವ ಹಾಗೇ ಇಲ್ಲ.

ಕೀಗಳ ಕ್ರಮ ಬದಲಾಗುವುದನ್ನು ಸಾರ್ಟ್ ಕೀಸ್‌ಗೆ ಫಾಲ್ಸ್ ಕೊಟ್ಟು ಸರಿಮಾಡಿದೆ. ಕನ್ನಡ ಅಕ್ಷರಗಳು ಎಸ್ಕೇಪ್ ಕೋಡ್ ಆಗುತ್ತಿದ್ದವು, ಅಲೋ ಯೂನಿಕೋಡ್‌ಗೆ ಟ್ರೂ ಕೊಟ್ಟ ಮೇಲೆ ಅದೂ ಸರಿಯಾಯಿತು.

ಇದಕ್ಕಿಂತ ಜಾಸ್ತಿ ಚಿಂತೆ ಟೈಪ್‌ಗಳದ್ದು. ದೇಶಗಳ ಕೋಡ್ ಪಟ್ಟಿಯಲ್ಲಿ ನಾರ್ವೆಯ 'ಎನ್ಓ' ಕೋಟ್ಸ್ ಇಲ್ಲದೆ ಇದೆ. ಪೈಯಾಮಲ್ ಅದನ್ನು ಇಂಗ್ಲಿಷಿನ 'ನೋ' (ಇಲ್ಲ) ಅಂದುಕೊಂಡು ಫಾಲ್ಸ್ ಅಂತ ಓದುತ್ತದೆ. 010 ಅಂತ ಇದ್ದರೆ ಆಕ್ಟಲ್ (ಎಂಟರ ಆಧಾರದ ಸಂಖ್ಯೆ) ಅಂದುಕೊಂಡು 8 ಮಾಡುತ್ತದೆ. ಇದು ಯಾಮಲ್ ಹಳೆಯ ಆವೃತ್ತಿ 1.1ರ ನಿಯಮ. ಎರರ್ ಕೂಡ ಬರುವುದಿಲ್ಲ, ಡೇಟಾ ಸುಮ್ನೆ ಬದಲಾಗಿಬಿಡುತ್ತದೆ. ಭಯ ಆಗುವುದು ಇದಕ್ಕೇ.

ರುವಾಮೆಲ್ (ruamel.yaml) ಲೈಬ್ರರಿ ಕಾಮೆಂಟ್ ಉಳಿಸುತ್ತದೆ, ಯಾಮಲ್ ಹೊಸ ಆವೃತ್ತಿ 1.2ರ ನಿಯಮ ಪಾಲಿಸುತ್ತದೆ ಅಲ್ವಾ? ಬಳಸಿದವರು ಹೇಳಿ: ಕೋಟ್ಸ್, ಇಂಡೆಂಟ್ ಇದ್ದ ಹಾಗೇ ಉಳಿಯುತ್ತವೆಯೇ? ದೊಡ್ಡ ಫೈಲ್‌ಗೆ ತುಂಬಾ ನಿಧಾನವೇ? ಚಿಕ್ಕದೊಂದು ಉದಾಹರಣೆ ಕೋಡ್ ಹಾಕಿದರೆ ದೊಡ್ಡ ಉಪಕಾರ.