ಪದಚರ್ಚೆ: ಆರ್ಕೈವ್ ಮಾಡುವುದಕ್ಕೆ ‘ಎತ್ತಿಡು’ ಆಗಬಹುದೇ?

ಗೆಳೆಯರೇ, ನಮಸ್ಕಾರ.

ಗ್ರಾಹಕ ಸೇವೆಯ ತಂತ್ರಾಂಶವೊಂದನ್ನು ಕನ್ನಡಕ್ಕೆ ತರುವ ಕೆಲಸದಲ್ಲಿದ್ದೇನೆ. ಹಳೆಯ ದಾಖಲೆಗಳ ಪುಟಕ್ಕೆ ಬಂದು ಕೆಲಸ ನಿಂತಿದೆ. ಅಲ್ಲಿ ನಾಲ್ಕು ಬೇರೆ ಬೇರೆ ಸ್ಥಿತಿಗಳಿವೆ. ಕಚೇರಿ ಕನ್ನಡದಲ್ಲಿ ನಾಲ್ಕಕ್ಕೂ ಬಾಯಿಗೆ ಬರುವುದು ಒಂದೇ ಪದ: ವಿಲೇವಾರಿ.

ಮೊದಲು ಆ ನಾಲ್ಕು ಏನು ಅಂತ ಹೇಳಿಬಿಡುತ್ತೇನೆ. ಗ್ರಾಹಕರ ತೊಂದರೆ ಬಗೆಹರಿದಾಗ ಟಿಕೆಟ್ (ಅಂದರೆ ಆ ದೂರಿನ ದಾಖಲೆ) ‘ಪರಿಹಾರವಾಗಿದೆ’ ಎಂದಾಗುತ್ತದೆ. ಅವರು ಮತ್ತೆ ಬರೆದರೆ ಅದೇ ಟಿಕೆಟ್ ತೆರೆದುಕೊಳ್ಳುತ್ತದೆ. ಸ್ವಲ್ಪ ಕಾಲದ ನಂತರ ‘ಮುಚ್ಚಿದೆ’ ಆಗುತ್ತದೆ, ಇನ್ನು ಅದನ್ನು ತೆರೆಯಲಾಗದು, ಹೊಸ ಟಿಕೆಟ್ಟೇ ಬೇಕು. ಇನ್ನೂ ಹಳತಾದರೆ ನಿತ್ಯ ಬಳಕೆಯ ಡೇಟಾಬೇಸಿನಿಂದ ತೆಗೆದು ಬೇರೆ ಕಡೆ ಇಡುತ್ತಾರೆ, ಅದು ಆರ್ಕೈವ್. ಕೊನೆಯದು ಅಳಿಸುವುದು. ಉದಾಹರಣೆಗೆ ಝೆನ್‌ಡೆಸ್ಕ್ ಎಂಬ ಗ್ರಾಹಕ ಸೇವೆಯ ತಂತ್ರಾಂಶದಲ್ಲಿ ಪರಿಹಾರವಾದ ಟಿಕೆಟ್ ಹೆಚ್ಚೆಂದರೆ 28 ದಿನಕ್ಕೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚಿ 120 ದಿನವಾದ ಮೇಲೆ ಆರ್ಕೈವ್‌ಗೆ ಹೋಗುತ್ತದೆ. ಆಮೇಲೆ ದಿನದ ಪಟ್ಟಿಗಳಲ್ಲಿ ಕಾಣದು, ಹುಡುಕಿದರೆ ಮಾತ್ರ ಸಿಗುತ್ತದೆ.

ಈಗ ಪರದೆಯ ಮೇಲೆ ಈ ಸಾಲು ಬಂತು ಅಂದುಕೊಳ್ಳಿ: “ಆಯ್ದ 80,000 ಟಿಕೆಟ್‌ಗಳನ್ನು ವಿಲೇವಾರಿ ಮಾಡಬೇಕೇ? ಹೌದು / ಬೇಡ”. ಅರ್ಜಿ ವಿಲೇವಾರಿ ಅಂದರೆ ತೀರ್ಮಾನ ಕೊಟ್ಟು ಮುಗಿಸಿದ್ದು. ಕಸ ವಿಲೇವಾರಿ ಅಂದರೆ ಎಸೆದದ್ದು. ‘ಹೌದು’ ಒತ್ತುವವರು ಯಾವ ಅರ್ಥ ಹಿಡಿಯಬೇಕು? ದಾಖಲೆ ನಾಲ್ಕಾರು ಇದ್ದರೆ ತಪ್ಪನ್ನು ಕೈಯಲ್ಲೇ ಸರಿಮಾಡಬಹುದು. ಇಷ್ಟೊಂದನ್ನು ಒಟ್ಟಿಗೆ ಕಳಿಸುವಾಗ ಆ ಮಾತೇ ಇಲ್ಲ. ಹಾಗಾಗಿ ಈ ಪುಟದಿಂದ ‘ವಿಲೇವಾರಿ’ಯನ್ನು ಪೂರ್ತಿ ಹೊರಗಿಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಆರ್ಕೈವ್‌ಗೆ ‘ಪತ್ರಾಗಾರ’ ಇದೆ, ‘ಅಭಿಲೇಖಾಲಯ’ ಇದೆ. ಎರಡೂ ಜಾಗದ ಹೆಸರು, ನನಗೆ ಬೇಕಿರುವುದು ಕ್ರಿಯಾಪದ. ‘ಪತ್ರಾಗಾರಕ್ಕೆ ಸೇರಿಸಿ’ ಎಂದರೆ ಬಟನ್ನಿನಲ್ಲಿ ಹಿಡಿಸುವುದೂ ಇಲ್ಲ, ಮೊನ್ನೆ ಮೊನ್ನೆಯ ರೀಫಂಡ್ ಟಿಕೆಟ್ಟಿಗೆ ತಾಮ್ರಶಾಸನದ ಗೌರವ ಬಂದುಬಿಡುತ್ತದೆ! ‘ಸಂಗ್ರಹಿಸು’ ನೋಡಿದೆ, ಆದರೆ ಫೋನು, ಕಂಪ್ಯೂಟರುಗಳಲ್ಲಿ ಸ್ಟೋರೇಜಿಗೆ ಆಗಲೇ ‘ಸಂಗ್ರಹಣೆ’ ಬಳಕೆಯಲ್ಲಿದೆ. ಆರ್ಕೈವ್ ಮಾಡುವುದೇ ಸಂಗ್ರಹಣೆಯ ಹೊರೆ ಇಳಿಸಲಿಕ್ಕೆ, ಎರಡಕ್ಕೂ ಒಂದೇ ಪದವಾದರೆ ಗೋಜಲು ಜಾಸ್ತಿ.

ನನಗೆ ತೋಚಿದ್ದು ‘ಎತ್ತಿಡು’. ಹಬ್ಬದ ಪಾತ್ರೆಗಳನ್ನು ತೊಳೆದು ಎತ್ತಿಡುತ್ತೇವಲ್ಲ, ಹಾಗೆ: ದಿನಾ ಬೇಡ, ಆದರೆ ಇದೆ, ಬೇಕಾದಾಗ ತೆಗೆಯಬಹುದು. ‘ಎತ್ತಿಡಿ’, ‘ಎತ್ತಿಟ್ಟ ಟಿಕೆಟ್‌ಗಳು’, ‘ಎತ್ತಿಟ್ಟದ್ದನ್ನು ಮರಳಿ ತನ್ನಿ’ ಇವೆಲ್ಲ ಸಲೀಸಾಗಿ ಬರುತ್ತವೆ. ತೊಡಕಿರುವುದು ನಾಮಪದದಲ್ಲಿ. ಮೆನುವಿನ ತಲೆಬರಹಕ್ಕೆ ‘ಎತ್ತಿಡುವಿಕೆ’ ಅಂತ ಹಾಕಲು ಮನಸ್ಸು ಬರುತ್ತಿಲ್ಲ. ‘ಹಳೆ ಕಡತ’ ಅಂತ ಹಾಕಿ, ಕ್ರಿಯೆಗೆ ಮಾತ್ರ ‘ಎತ್ತಿಡು’ ಇಟ್ಟುಕೊಂಡರೆ ಹೇಗೆ? ‘ತೆಗೆದಿಡು’ ಕೂಡ ಹತ್ತಿರದ್ದೇ. ಆದರೆ ಅದರ ಮೊದಲ ತುಂಡು ‘ತೆಗೆ’, ಅವಸರದಲ್ಲಿ ಓದಿದವರು ತೆಗೆದುಹಾಕು ಅಂದುಕೊಂಡಾರು.

ಅಳಿಸುವುದರಲ್ಲೂ ಎರಡು ಮೆಟ್ಟಿಲು. ಮೊದಲು ಅನುಪಯುಕ್ತ ಬುಟ್ಟಿಗೆ ಹೋಗುತ್ತದೆ, ಸೇಲ್ಸ್‌ಫೋರ್ಸ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಸಾಮಾನ್ಯವಾಗಿ 15 ದಿನ ಅಲ್ಲಿರುತ್ತದೆ. ಆಮೇಲೆ ನಿಜವಾಗಿ ಹೋಗುತ್ತದೆ. ಮೊದಲನೆಯದಕ್ಕೆ ‘ಅಳಿಸು’, ಎರಡನೆಯದಕ್ಕೆ ‘ಪೂರ್ತಿ ಅಳಿಸು’ ಸಾಕು ಅನ್ನಿಸುತ್ತದೆ. ‘ನಾಶಪಡಿಸು’ ಸ್ಪಷ್ಟವಾಗಿದೆ, ಆದರೆ ಸುಮ್ನೆ ಹೆದರಿಸುತ್ತದೆ.

ಇನ್ನೊಂದು ಕೆಲಸ ಹೆಚ್ಚು ತಲೆ ತಿನ್ನುತ್ತಿದೆ. ಕೆಲವು ದಾಖಲೆಗಳನ್ನು ಅಳಿಸುವುದಿಲ್ಲ. ಹೆಸರು, ಫೋನು, ಇಮೇಲ್ ಮಾತ್ರ ಕಿತ್ತುಹಾಕಿ ಉಳಿದದ್ದನ್ನು ಇಟ್ಟುಕೊಳ್ಳುತ್ತಾರೆ. ಎಷ್ಟು ದೂರು ಬಂತು, ಬಗೆಹರಿಸಲು ಎಷ್ಟು ಹೊತ್ತು ಹಿಡಿಯಿತು ಎಂಬ ಲೆಕ್ಕ ಮುಂದೆ ಬೇಕಾಗುತ್ತದೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಕಾನೂನು, ಜನರನ್ನು ಗುರುತಿಸಬಹುದಾದ ಮಾಹಿತಿಯನ್ನು ಅಗತ್ಯಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳಬಾರದು ಎನ್ನುತ್ತದೆ. ಹೀಗಾಗಿ ಈ ಬಟನ್ ಅಲಂಕಾರಕ್ಕೆ ಇರುವುದಲ್ಲ. ಇದಕ್ಕೆ ‘ಅನಾಮಧೇಯಗೊಳಿಸು’ ಅಂತ ಒಬ್ಬರು ಸೂಚಿಸಿದರು. ಆದರೆ ‘ಅನಾಮಧೇಯ ಪತ್ರ’, ‘ಅನಾಮಧೇಯ ಕರೆ’ ಕೇಳಿ ಕೇಳಿ ಆ ಪದಕ್ಕೆ ಅನುಮಾನದ ವಾಸನೆ ಅಂಟಿದೆ, ಅಲ್ವಾ? ಸದ್ಯಕ್ಕೆ ‘ಗುರುತು ಅಳಿಸಿ’ ಎಂದಿಟ್ಟಿದ್ದೇನೆ. ಪಕ್ಕದಲ್ಲೇ ‘ಅಳಿಸಿ’ ಎಂಬ ಬಟನ್ ಇರುವುದರಿಂದ ಕಣ್ತಪ್ಪಿನ ಭಯ ಬೇರೆ. ‘ಗುರುತು ತೆಗೆಯಿರಿ’ ಅಥವಾ ‘ಗುರುತು ಮರೆಮಾಡಿ’? ಎರಡನೆಯದು ತಪ್ಪಾಗುತ್ತದೆ, ಮರೆಮಾಡಿದ್ದು ಒಳಗೆ ಇದ್ದೇ ಇರುತ್ತದಲ್ಲ.

ಕೇಳಬೇಕಿರುವುದು ಇಷ್ಟು. ‘ಎತ್ತಿಡು’ ನಿಮ್ಮ ಕಡೆ ಇದೇ ಅರ್ಥದಲ್ಲಿ ಬಳಕೆಯಲ್ಲಿದೆಯೇ, ಅಥವಾ ಕದ್ದೊಯ್ಯುವ ‘ಎತ್ತು’ ನೆನಪಾಗುತ್ತದೆಯೇ? ಗುರುತು ತೆಗೆಯುವ ಕೆಲಸಕ್ಕೆ ‘ಅಳಿಸು’ ಬರದ ಚಿಕ್ಕ ಪದ ಯಾರಿಗಾದರೂ ಹೊಳೆಯುತ್ತದೆಯೇ? ಬಟನ್ನಿನಲ್ಲಿ ಎರಡು ಪದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.