ದ್ವೇಷ ಭಾಷಣ ಮಸೂದೆ: ವಕೀಲರನ್ನು ಕೇಳಿ (2025ರ ಡಿಸೆಂಬರ್‌ನ ವಾಟ್ಸಾಪ್ ಗುಂಪಿನ ಚರ್ಚೆ)

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ಮಸೂದೆ ಬೆಳಗಾವಿ ಅಧಿವೇಶನದಲ್ಲಿ ಎರಡೂ ಸದನ ದಾಟಿ ಈಗ ರಾಜ್ಯಪಾಲರ ಕಡೆ ಹೊರಟಿದೆ. ಗುಂಪಿನಲ್ಲಿ ಬರೀ ಗಲಾಟೆ, ಫಾರ್ವರ್ಡು. ಅದಕ್ಕೇ ನಮ್ಮ ವಕೀಲರ ಮೇಡಂ ಈ ಭಾನುವಾರ ಸ್ವಲ್ಪ ಹೊತ್ತು ಉತ್ತರ ಕೊಡುತ್ತೇನೆ ಅಂದಿದ್ದಾರೆ. ಪ್ರಶ್ನೆ ಚಿಕ್ಕದಾಗಿರಲಿ. ರಾಜಕೀಯ ಬೇಡ.

ವಕೀಲರು: ನಮಸ್ಕಾರ. ಮೊದಲೇ ಒಂದು ಮಾತು. ಇದು ಇನ್ನೂ ಕಾನೂನಲ್ಲ, ಮಸೂದೆ. ಅಂಕಿತ ಬೀಳಬೇಕು, ಗೆಜೆಟ್‌ನಲ್ಲಿ ಬರಬೇಕು. ಅಲ್ಲಿಯವರೆಗೆ ಇದರ ಕೆಳಗೆ ಯಾರ ಮೇಲೂ ಕೇಸ್ ಹಾಕಲು ಆಗುವುದಿಲ್ಲ. ಇದನ್ನು ಓದಿ ಆಮೇಲೆ ಕೇಳಿ.

ಹೊಸಪೇಟೆ ಹುಡುಗ: ಮೇಡಂ, ಗ್ರೂಪಲ್ಲಿ ಯಾರೋ ಏನೋ ಹಾಕಿದ್ರೆ ಅಡ್ಮಿನ್ ಜೈಲಿಗೆ ಹೋಗ್ತಾರಂತೆ, ನಿಜಾನಾ?

ವಕೀಲರು: ಸುಮ್ಮನೆ ಅಡ್ಮಿನ್ ಆಗಿದ್ದಕ್ಕೆ ಹೋಗುವುದಿಲ್ಲ. ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದ್ದು ಇದನ್ನೇ. ಬೇರೆಯವರು ಹಾಕಿದ ಪೋಸ್ಟಿಗೆ ಅಡ್ಮಿನ್ ಹೊಣೆಯಲ್ಲ. ಅವನೂ ಆ ಸಂಚಿನಲ್ಲಿ ಸೇರಿದ್ದರೆ ಮಾತು ಬೇರೆ.

ನಿವೃತ್ತ ಮೇಷ್ಟ್ರು: ಇದನ್ನು ಎಲ್ಲರೂ ತಪ್ಪದೆ ಓದಿ. 👇 "ಹೊಸ ಕಾನೂನಿನಿಂದ ಪಾರಾಗಲು ಪ್ರತಿ ಮೆಸೇಜ್ ಕೆಳಗೆ 'ಬಂದದ್ದನ್ನು ಹಾಗೇ ಕಳಿಸಿದ್ದೇನೆ' ಎಂದು ಬರೆಯಿರಿ. ಸಂವಿಧಾನದ 19ನೇ ವಿಧಿ (ವಾಕ್ ಸ್ವಾತಂತ್ರ್ಯ) ಎಂದು ಪ್ರೊಫೈಲ್‌ನಲ್ಲಿ ಹಾಕಿದರೆ ಪೊಲೀಸರು ಮುಟ್ಟುವಂತಿಲ್ಲ. 10 ಜನರಿಗೆ ಕಳಿಸಿ."

ವಕೀಲರು: ಮೇಷ್ಟ್ರೇ, ದಯವಿಟ್ಟು ಇದನ್ನು ಅಳಿಸಿ. 'ಬಂದದ್ದನ್ನು ಹಾಗೇ ಕಳಿಸಿದ್ದೇನೆ' ಅನ್ನುವುದು ತಾಯಿತ ಇದ್ದ ಹಾಗೆ. ಕಟ್ಟಿಕೊಂಡವರಿಗೆ ಧೈರ್ಯ, ಅಷ್ಟೇ. ತಮಿಳುನಾಡಿನ ನಟ, ರಾಜಕಾರಣಿ ಎಸ್.ವಿ. ಶೇಖರ್ ಕೂಡ 2018ರಲ್ಲಿ, ಬೇರೆಯವರು ಬರೆದದ್ದನ್ನು ಹಂಚಿಕೊಂಡೆ ಅಷ್ಟೇ ಅಂದರು. ಫಾರ್ವರ್ಡ್ ಮಾಡಿದರೆ ಒಪ್ಪಿಕೊಂಡ ಹಾಗೇ ಎಂದು ಮದ್ರಾಸ್ ಹೈಕೋರ್ಟ್ ಹೇಳಿತು. ಕೇಸು ರದ್ದು ಮಾಡಲು 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ. ಇನ್ನು ಪ್ರೊಫೈಲ್‌ನಲ್ಲಿ 19 ಬರೆದುಕೊಂಡರೂ ಅಷ್ಟೇ, ವಾಹನದ ಮೇಲೆ ನಿಂಬೆಹಣ್ಣು ಕಟ್ಟಿದರೂ ಅಷ್ಟೇ.

ನಿವೃತ್ತ ಮೇಷ್ಟ್ರು: ಒಳ್ಳೆಯದಕ್ಕೇ ಹಾಕಿದ್ದು ಮೇಡಂ.

ಬಯಲಾಟ: ಮೇಡಂ ನಮಸ್ತೆ. ಸ್ವಲ್ಪ ಉದ್ದ ಇದೆ, ಕ್ಷಮಿಸಿ. ನಮ್ಮದು ಊರಿನ ಹವ್ಯಾಸಿ ನಾಟಕ ತಂಡ, ಹತ್ತು ಹನ್ನೆರಡು ಜನ. 1974ರ ಭೂಸುಧಾರಣೆ ಕಾಲದ ಕಥೆ ಇಟ್ಟುಕೊಂಡು ಒಂದು ಬೀದಿ ನಾಟಕ ಮಾಡಿದ್ದೇವೆ. ಅದರಲ್ಲಿ ಒಬ್ಬ ಪಟೇಲ ಬರುತ್ತಾನೆ, ಉಳುವ ಜಮೀನು ತನಗೆ ಬೇಕೆಂದು ಗೇಣಿದಾರ ತುಂಬಿದ ಏಳನೇ ನಂಬರ್ ಫಾರಂ ಹರಿದು ಹಾಕುತ್ತಾನೆ. ಪಾತ್ರಕ್ಕೆ ಹೆಸರಿಲ್ಲ, ಆದರೆ ಪೇಟ, ಬೆಳ್ಳಿ ಕಟ್ಟಿನ ಕೋಲು ನೋಡಿದರೆ ಯಾರು ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಅವರು ತೀರಿಕೊಂಡು 40 ವರ್ಷದ ಮೇಲಾಯಿತು. ಈಗ ಮೊಮ್ಮಕ್ಕಳು ಬಂದು, ನಮ್ಮ ಅಜ್ಜನಿಗೂ ನಮ್ಮ ಜಾತಿಗೂ ಅವಮಾನ ಮಾಡಿದ್ದೀರಿ, ಹೊಸ ಕಾನೂನಲ್ಲಿ ಒಳಗೆ ಹಾಕಿಸ್ತೀವಿ ಅಂತಿದ್ದಾರೆ. ಮುಂದಿನ ಆಟ ಸಂಕ್ರಾಂತಿಗೆ. ಸತ್ತವರ ಬಗ್ಗೆ ಆಡಿದರೂ ಕೇಸ್ ಆಗುತ್ತದಾ?

ಹೊಸಪೇಟೆ ಹುಡುಗ: ಸಬ್ ಅಡ್ಮಿನ್ ಆದ್ರೂ ಸೇಮಾ ಮೇಡಂ?

ವಕೀಲರು: ಸೇಮ್.

@ಬಯಲಾಟ, ನಿಮ್ಮದಕ್ಕೆ ಕೂತು ಬರೆಯುತ್ತೇನೆ. ನನಗೆ ತಲೆನೋವಾಗಿರುವುದೂ ಇದೇ ಜಾಗ.

ದ್ವೇಷ ಭಾಷಣ ಅಂದರೆ ಏನು ಅಂತ ಮಸೂದೆ ಹೇಳುವ ಸಾಲಿನಲ್ಲಿ, ವ್ಯಕ್ತಿ "ಬದುಕಿರಲಿ ಅಥವಾ ಸತ್ತಿರಲಿ" ಎಂಬ ಅರ್ಥದ ಮಾತಿದೆ. ಹಾಗಾಗಿ ಮೊಮ್ಮಕ್ಕಳು ಹೇಳುವುದು ಪೂರ್ತಿ ಗಾಳಿಮಾತಲ್ಲ. ಆದರೆ ಅವಮಾನ ಆಯಿತು ಅಂದರೆ ಸಾಲದು. ವೈರ, ದ್ವೇಷ, ಅಸಾಮರಸ್ಯ ಹುಟ್ಟಿಸುವ ಉದ್ದೇಶ ಇರಬೇಕು, ಅದು ಧರ್ಮ, ಜಾತಿ, ಲಿಂಗ, ಭಾಷೆ, ಹುಟ್ಟಿದ ಊರು ಇಂಥ ಗುರುತಿನ ಮೇಲೆ ಇರಬೇಕು. ಕಲೆ, ಸಾಹಿತ್ಯಕ್ಕೆ ವಿನಾಯಿತಿಯೂ ಇದೆ. ಕೋರ್ಟಿನಲ್ಲಿ ನಿಮ್ಮ ನಾಟಕ ಉಳಿಯುತ್ತದೆ ಎಂದೇ ನನಗೆ ಅನಿಸುತ್ತದೆ. ತೊಂದರೆ ಇರುವುದು ಕೋರ್ಟ್ ತಲುಪುವ ಮುಂಚೆ.

ಈಗಿನ ಕಾನೂನು ನೋಡಿ. ಜಾತಿ, ಧರ್ಮಗಳ ನಡುವೆ ದ್ವೇಷ ಹುಟ್ಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ. ಸಾಮಾನ್ಯವಾಗಿ 3 ವರ್ಷದವರೆಗೆ ಶಿಕ್ಷೆ. ಪೊಲೀಸರು, ಕೋರ್ಟು ನಡೆದುಕೊಳ್ಳಬೇಕಾದ ರೀತಿ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 173(3) ಏನು ಹೇಳುತ್ತದೆ ಅಂದರೆ, ಶಿಕ್ಷೆ 3 ವರ್ಷ ಅಥವಾ ಜಾಸ್ತಿ, ಆದರೆ 7 ವರ್ಷಕ್ಕಿಂತ ಕಡಿಮೆ ಇದ್ದರೆ, ಡಿವೈಎಸ್‌ಪಿ ಒಪ್ಪಿಗೆ ಪಡೆದು 14 ದಿನದಲ್ಲಿ ಪ್ರಾಥಮಿಕ ವಿಚಾರಣೆ ಮಾಡಿ, ಹುರುಳಿದ್ದರೆ ಮಾತ್ರ ಎಫ್‌ಐಆರ್ ಹಾಕಬಹುದು. ಸಂಸದ ಇಮ್ರಾನ್ ಪ್ರತಾಪಗಢಿ ಒಂದು ಕವಿತೆಯ ವಿಡಿಯೊ ಹಾಕಿದ್ದಕ್ಕೆ ಗುಜರಾತಿನ ಜಾಮ್‌ನಗರದಲ್ಲಿ ಎಫ್‌ಐಆರ್ ಆಗಿತ್ತಲ್ಲ, 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆಗ, ಮಾತಿಗೆ ಸಂಬಂಧಿಸಿದ ಇಂಥ ಕೇಸುಗಳಲ್ಲಿ ಮೊದಲು ಈ ವಿಚಾರಣೆ ಮಾಡುವುದೇ ಸರಿ ಅಂದಿತು. ಮಾತನ್ನು ಅಳೆಯಬೇಕಾದದ್ದು ಗಟ್ಟಿ ಮನಸ್ಸಿನವರ ಅಳತೆಯಲ್ಲಿ, ಎಲ್ಲದಕ್ಕೂ ಬೆಚ್ಚಿಬೀಳುವವರ ಅಳತೆಯಲ್ಲಲ್ಲ ಎಂದೂ ಹೇಳಿತು.

ಈಗ ಮಸೂದೆಗೆ ಬನ್ನಿ. ಶಿಕ್ಷೆ ಕನಿಷ್ಠ 1 ವರ್ಷ, ಗರಿಷ್ಠ 7 ವರ್ಷ. ಏಳಕ್ಕಿಂತ ಕಡಿಮೆ ಅಲ್ಲ, ಏಳು! ಅಂದರೆ 173(3)ರ ಆ ಬಾಗಿಲು ಹಾಕಿಕೊಂಡಿತು. ದೂರು ಬಂತು ಅಂದರೆ ನೇರ ಎಫ್‌ಐಆರ್, ಅದೂ ಜಾಮೀನು ಹಕ್ಕಾಗಿ ಸಿಗದ, ಕೋರ್ಟ್ ಮನಸ್ಸು ಮಾಡಿದರೆ ಮಾತ್ರ ಸಿಗುವ ಅಪರಾಧ. ಇದನ್ನು ಯಾರಾದರೂ ಬೇಕೆಂದೇ ಮಾಡಿದರೋ, ಏಳು ಅಂತ ಬರೆದರೆ ಗಟ್ಟಿಯಾಗಿ ಕಾಣುತ್ತದೆ ಅಂತ ಬರೆದರೋ ದೇವರಿಗೇ ಗೊತ್ತು. ತಮಾಷೆ ಏನಂದರೆ, ಏಳು ವರ್ಷದ ಅಪರಾಧ ಬರೆದು ವಿಚಾರಣೆಯನ್ನು ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕೊಟ್ಟಿದ್ದಾರೆ. ಆ ಕೋರ್ಟು ತಾನಾಗಿ 3 ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಕೊಡುವ ಹಾಗೇ ಇಲ್ಲ!

ಒಂದು ಸಮಾಧಾನ ಇದೆ. ಶಿಕ್ಷೆ 7 ವರ್ಷದವರೆಗೆ ಇದ್ದರೆ ಕಂಡಕೂಡಲೇ ಬಂಧಿಸಬಾರದು, ಕಾರಣ ಬರೆದಿಡಬೇಕು, ಇಲ್ಲವೇ ಹಾಜರಾಗಿ ಎಂದು ಅದೇ ಸುರಕ್ಷಾ ಸಂಹಿತೆಯ 35(3)ರ ನೋಟಿಸ್ ಕೊಡಬೇಕು. 2014ರ ಅರ್ನೇಶ್ ಕುಮಾರ್ ತೀರ್ಪಿನಿಂದಲೂ ಇದೇ ನಿಯಮ.

ನೀವು ಮಾಡಬೇಕಾದ್ದು. ನಾಟಕದ ಪೂರ್ತಿ ಪ್ರತಿ ದಿನಾಂಕ ಹಾಕಿ ಇಟ್ಟುಕೊಳ್ಳಿ. ಆಟವನ್ನು ಶುರುವಿನಿಂದ ಕೊನೆವರೆಗೆ ವಿಡಿಯೊ ಮಾಡಿಸಿ, ಯಾಕೆಂದರೆ ಎದುರಿನವರು ತರುವುದು 20 ಸೆಕೆಂಡಿನ ತುಣುಕು. ಪಟೇಲ ಫಾರಂ ಹರಿಯುವಾಗ ಇಡೀ ಜಾತಿಯನ್ನೇ ಬಯ್ಯುವ ಮಾತಿದ್ದರೆ ಅದೊಂದನ್ನು ನನಗೆ ಕಳಿಸಿ, ನೋಡುತ್ತೇನೆ. ಒಬ್ಬ ಜಮೀನ್ದಾರನನ್ನು ಟೀಕಿಸುವುದು ಬೇರೆ, ಆ ಜಾತಿಯವರೆಲ್ಲ ಹೀಗೇ ಅನ್ನುವುದು ಬೇರೆ. ಸ್ಟೇಷನ್‌ನಿಂದ ಫೋನ್ ಬಂದರೆ ನೋಟಿಸ್ ಬರವಣಿಗೆಯಲ್ಲಿ ಕೊಡಿ ಅನ್ನಿ, ಬಂದರೆ ತಪ್ಪಿಸಿಕೊಳ್ಳಬೇಡಿ, ಹೋಗಿ. ಖಾಲಿ ಹಾಳೆಗೆ ಸಹಿ ಬೇಡ. ಹಳೆಯ ಆಟಕ್ಕೆ ಹೊಸ ಕಾನೂನು ತಾಗುವುದಿಲ್ಲ, ಸಂವಿಧಾನದ 20(1) ಇದೆ. ಸಂಕ್ರಾಂತಿ ಆಟದ ಹೊತ್ತಿಗೆ ಅಂಕಿತ ಬಿದ್ದಿದೆಯಾ, ಕಾಯ್ದೆ ಜಾರಿಗೆ ಬಂದಿದೆಯಾ ಎಂದು ಹಿಂದಿನ ದಿನ ನನ್ನನ್ನು ಕೇಳಿ.

ಕೆಂಪುಮಣ್ಣು: ಮೇಡಂ, ಎಲ್ಲರೂ ಭಾಷಣ ಮಾಡೋರ ಕಷ್ಟಾನೇ ಹೇಳ್ತೀರಿ. ನಮ್ಮ ಕೇರಿ ಹುಡುಗರ ಬಗ್ಗೆ ವೇದಿಕೆ ಮೇಲೆ ಮೈಕ್ ಹಿಡಿದು ಬಾಯಿಗೆ ಬಂದ ಹಾಗೆ ಮಾತಾಡಿದಾಗ ಯಾವ ಸ್ಟೇಷನ್ನೂ ದೂರು ತಗೊಳ್ಳಲಿಲ್ಲ. ಈ ಕಾನೂನು ಬಂದ್ರೆ ತಗೊಳ್ಳಲೇಬೇಕು. ಸ್ವಾತಂತ್ರ್ಯ ಅನ್ನೋದು ಯಾರ ಸ್ವಾತಂತ್ರ್ಯ?

ಅಡಿಕೆ ತೋಟ: ಅಲ್ಲ ಸ್ವಾಮಿ, ಸರ್ಕಾರ ಬದಲಾದ ಮೇಲೆ ಇದೇ ಕಾನೂನು ನಿಮ್ಮ ಹುಡುಗರ ಮೇಲೇ ತಿರುಗುತ್ತದೆ. ಬರೆದಿಟ್ಟುಕೊಳ್ಳಿ.

ಕೆಂಪುಮಣ್ಣು: ಕಾನೂನು ಇಲ್ಲದಿದ್ದಾಗಲೂ ನಮ್ಮ ಮೇಲೇ ತಿರುಗ್ತಿತ್ತು ಸಾರ್. ಹೊಸದೇನಲ್ಲ.

ವಕೀಲರು: @ಕೆಂಪುಮಣ್ಣು, ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ದೂರು ತೆಗೆದುಕೊಳ್ಳದೇ ಇದ್ದದ್ದು ತಪ್ಪು. ದ್ವೇಷ ಭಾಷಣ ಕಂಡರೆ ದೂರಿಗೂ ಕಾಯದೆ ಕೇಸ್ ಹಾಕಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲೇ ಎಲ್ಲ ರಾಜ್ಯಗಳಿಗೂ ಹೇಳಿದೆ. 196 ಇತ್ತು, ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಇತ್ತು. ಇರುವುದನ್ನೇ ಬಳಸದ ಸ್ಟೇಷನ್ನು ಹೊಸದನ್ನು ಯಾರ ಮೇಲೆ ಬಳಸುತ್ತದೆ ಅನ್ನುವುದು ನನ್ನ ಭಯ. ಆ ಭಯ ನಿಮಗೇ ನನಗಿಂತ ಜಾಸ್ತಿ ಇರಬೇಕು.

ಕೆಂಪುಮಣ್ಣು: ಇದೆ. ಆದ್ರೂ ಬೇಕು.

ಡಾಲಸ್ ಕನ್ನಡಿಗ: ನಾನು ಅಮೆರಿಕದಿಂದ ಪೋಸ್ಟ್ ಹಾಕಿದರೆ ಊರಿಗೆ ಬಂದಾಗ ಏರ್‌ಪೋರ್ಟಲ್ಲಿ ಹಿಡೀತಾರಾ?

ಪಿಂಚಣಿ ಸಂಘ: ಮೇಡಂ, ಬೆಂಗಳೂರಲ್ಲಿ ಪ್ರತಿಭಟನೆ ಫ್ರೀಡಂ ಪಾರ್ಕಲ್ಲೇ ಮಾಡಬೇಕಂತೆ. ಇದೂ ಈ ಮಸೂದೆಯಲ್ಲಿದೆಯಾ?

ವಕೀಲರು: ಇಲ್ಲ. ಅದು 2021ರ ಬೇರೆ ಆದೇಶ.

ಪಿಂಚಣಿ ಸಂಘ: ಹಾಗಾದರೆ ಪೊಲೀಸರು ಬೇಡ ಅಂದರೆ ಮುಗೀತಾ?

ವಕೀಲರು: ಮುಗಿಯುವುದಿಲ್ಲ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆಲ್ಲ ಮೂರು ದಿನ 144 ಹಾಕಿದ್ದರು. ಟೌನ್‌ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಎಳೆದುಕೊಂಡು ಹೋದದ್ದು ನೆನಪಿರಬೇಕು. ಎರಡು ತಿಂಗಳಿಗೆ ನಮ್ಮ ಹೈಕೋರ್ಟ್ ಆ ಆದೇಶ ಕಾನೂನಿಗೆ ವಿರುದ್ಧ ಅಂದಿತು. ಆ ಪೀಠದಲ್ಲಿದ್ದವರು ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ. ಮೇಲೆ ಹೇಳಿದ ಕವಿತೆ ಕೇಸಿನ ತೀರ್ಪೂ ಅವರದೇ. ಆದರೆ ಆ ಮೂರು ದಿನ ಹೋದದ್ದು ಹೋಯಿತು, ವಾಪಸ್ ಬರಲಿಲ್ಲ.

ಅಡಿಕೆ ತೋಟ: ಇದನ್ನೆಲ್ಲ ಮಸೂದೆ ಸದನಕ್ಕೆ ಬರುವ ಮುಂಚೆ ಯಾಕೆ ಯಾರೂ ಹೇಳಲಿಲ್ಲ?

ವಕೀಲರು: ಹೇಳಲು ಪುರಸೊತ್ತೆಲ್ಲಿ ಸಿಕ್ಕಿತು? ಡಿಸೆಂಬರ್ 10ಕ್ಕೆ ಮಂಡನೆ, 18ಕ್ಕೆ ವಿಧಾನಸಭೆಯಲ್ಲಿ ಗದ್ದಲದ ಮಧ್ಯೆ ಪಾಸ್. ಎಂಟು ದಿನ. ಒಂದು ಸೈಟ್ ಕೊಳ್ಳುವಾಗ ಕಾಗದಪತ್ರ ನೋಡಲು ನೀವು ಇದಕ್ಕಿಂತ ಜಾಸ್ತಿ ದಿನ ತೆಗೆದುಕೊಳ್ಳುತ್ತೀರಿ. ಮಹಾರಾಷ್ಟ್ರದ ಸಾರ್ವಜನಿಕ ಭದ್ರತಾ ಮಸೂದೆ ಜಂಟಿ ಸಮಿತಿಗೆ ಹೋಯಿತು, 12 ಸಾವಿರಕ್ಕೂ ಜಾಸ್ತಿ ಆಕ್ಷೇಪ, ಸಲಹೆ ಬಂದವು. ಒಂದಿಷ್ಟು ಪದ ಬದಲಾಯಿಸಿ 2025ರ ಜುಲೈನಲ್ಲಿ ಪಾಸ್ ಮಾಡಿದರು. ಹಕ್ಕುಗಳ ಸಂಘಟನೆಯವರಿಗೆ ಅದೂ ಸಮಾಧಾನ ತರಲಿಲ್ಲ. ಆದರೂ ಓದಲು, ಬರೆಯಲು ಸಮಯ ಸಿಕ್ಕಿತು. ಕೇರಳದಲ್ಲಿ 2020ರ ನವೆಂಬರ್‌ನಲ್ಲಿ ಪೊಲೀಸ್ ಕಾಯ್ದೆಗೆ 118ಎ ಸೇರಿಸಿ ಸುಗ್ರೀವಾಜ್ಞೆ ತಂದರು, ಅವಹೇಳನದ ಪೋಸ್ಟಿಗೆ 3 ವರ್ಷ. ಆಳುವ ಪಕ್ಷದ ಒಳಗಿಂದಲೇ ಬೈಗುಳ ಬಿತ್ತು, ಎರಡು ದಿನದಲ್ಲಿ ಜಾರಿ ಮಾಡುವುದಿಲ್ಲ ಅಂದರು, ಆಮೇಲೆ ವಾಪಸ್ ತೆಗೆದರು. ಅಂದರೆ ಕೂಗಿದರೆ ಕೇಳುತ್ತದೆ, ಬೇಗ ಕೂಗಬೇಕು ಅಷ್ಟೇ.

ಅಡಿಕೆ ತೋಟ: ಈಗ ಏನೂ ಮಾಡಕ್ಕಾಗಲ್ವಾ?

ವಕೀಲರು: ರಾಜ್ಯಪಾಲರಿಗೆ ಪತ್ರ ಬರೆಯಬಹುದು. ಅವರು ಸಹಿ ಹಾಕಬಹುದು, ಸದನಕ್ಕೆ ವಾಪಸ್ ಕಳಿಸಬಹುದು, ರಾಷ್ಟ್ರಪತಿಗೆ ಕಳಿಸಬಹುದು. ಇಷ್ಟೇ ದಿನದಲ್ಲಿ ಮಾಡಿ ಎಂದು ಗಡುವು ಹಾಕಲು ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಬರೆಯುವವರು "ಕರಾಳ ಶಾಸನ" ಅಂತ ಎರಡು ಪುಟ ಬೇಡ. ಯಾವ ಕಲಂ, ಯಾವ ಪದ, ಯಾಕೆ, ಬದಲಿಗೆ ಏನಿರಬೇಕು. ಅಷ್ಟು ಬರೆಯಿರಿ. ನಿಮ್ಮ ಶಾಸಕರಿಗೂ ಒಂದು ಪ್ರತಿ ಕೊಡಿ, ತಿದ್ದುಪಡಿ ತರಬೇಕಾದವರು ಅವರೇ.

ನಿವೃತ್ತ ಮೇಷ್ಟ್ರು: ಮಸೂದೆ ವಿರೋಧಿಸಲು ಈ ನಂಬರಿಗೆ ಮಿಸ್ಡ್ ಕಾಲ್ ಕೊಡಿ. 5 ಲಕ್ಷ ಕಾಲ್ ಆದರೆ ತಾನಾಗಿಯೇ ರದ್ದಾಗುತ್ತದೆ. ಎಲ್ಲ ಗುಂಪಿಗೂ ಕಳಿಸಿ 🙏

ವಕೀಲರು: ಮೇಷ್ಟ್ರೇ! ಮಿಸ್ಡ್ ಕಾಲಿಗೆ ರದ್ದಾಗುವ ಕಾನೂನು ಈ ದೇಶದಲ್ಲಿಲ್ಲ. ನಿಮ್ಮ ನಂಬರು ಯಾರದೋ ಪಟ್ಟಿಗೆ ಸೇರುತ್ತದೆ, ನಾಳೆಯಿಂದ ಸಾಲದ ಕಾಲ್ ಬರುತ್ತವೆ. ಕೈಮುಗಿದು ಕೇಳುತ್ತೇನೆ, ನಿಲ್ಲಿಸಿ.

ನಿವೃತ್ತ ಮೇಷ್ಟ್ರು: 35 ವರ್ಷ ಪಾಠ ಮಾಡಿದವನು ನಾನು. ಹೀಗೆಲ್ಲ ಮಾತಾಡಿಸಿಕೊಳ್ಳಬೇಕಿಲ್ಲ.

ಅಡಿಕೆ ತೋಟ: ಮೇಷ್ಟ್ರು ಹಾಕಿದ್ದರಲ್ಲಿ ತಪ್ಪೇನಿದೆ? ವಿರೋಧ ಮಾಡೋದೂ ತಪ್ಪಾ? ಮೇಡಂ ಯಾವ ಪಾರ್ಟಿ ಅಂತ ಈಗ ಗೊತ್ತಾಗ್ತಿದೆ.

ಕೆಂಪುಮಣ್ಣು: ಅರ್ಧ ಗಂಟೆ ಹಿಂದೆ ಮಸೂದೆ ವಿರುದ್ಧ ಬರೆದಾಗ ನಿಮ್ಮ ಪಾರ್ಟಿ ಆಗಿದ್ರು, ಈಗ ಬೇರೆನಾ? 😀

ಅಡಿಕೆ ತೋಟ: ನೀವು ಸುಮ್ನಿರ್ರೀ.

ಕೆಂಪುಮಣ್ಣು: ಸುಮ್ನಿದ್ದೇ ಇಷ್ಟು ದಿನ ಆಯ್ತು.

ಹಾಸ್ಟೆಲ್ ಹುಡುಗಿ: ಮೇಡಂ, ರಸ್ತೆಯಲ್ಲಿ ಪೊಲೀಸರು ಫೋನ್ ತೆಗೆದು ವಾಟ್ಸಾಪ್ ತೋರಿಸು ಅಂದರೆ ತೋರಿಸಬೇಕಾ? ಇದು ತುಂಬಾ ಜನಕ್ಕೆ ಆಗುತ್ತಿದೆ.

ಅಡಿಕೆ ತೋಟ: ಅಡ್ಮಿನ್, ಜಾತಿ ತಂದು ಹಾಕುವವರನ್ನು ತೆಗೆಯಿರಿ ಮೊದಲು.

ಕೆಂಪುಮಣ್ಣು: ಜಾತಿ ಅನ್ನೋ ಪದ ನಾನೆಲ್ಲಿ ಬರೆದೆ? ಮೇಲೆ ಹೋಗಿ ನೋಡಿ.

ಅಡ್ಮಿನ್: ಎಲ್ಲರಲ್ಲಿ ವಿನಂತಿ...

ತುಮಕೂರು ಟೈಲರ್: ಮೇಡಂ, ಅಡ್ಮಿನ್‌ನ ಜೈಲಿಗೆ ಹಾಕ್ತಾರಾ? ನಾನು ನಾಲ್ಕು ಗ್ರೂಪಿಗೆ ಅಡ್ಮಿನ್.

ವಕೀಲರು: ಮೇಲೆ ಓದಿ.

ತುಮಕೂರು ಟೈಲರ್: ಓದಿದೆ, ಅದು ಹಳೇ ಕಾನೂನಿಗೆ. ಹೊಸದರಲ್ಲಿ ಸಂಘ ಸಂಸ್ಥೆಗಳನ್ನೂ ಸೇರಿಸಿದ್ದಾರಂತೆ?

ವಕೀಲರು: ಸರಿ, ಇದು ಒಳ್ಳೆಯ ಪ್ರಶ್ನೆ, ತಪ್ಪಾಯಿತು. ಹೌದು, ಸಂಸ್ಥೆಯ ಪರವಾಗಿ ಅಪರಾಧ ನಡೆದರೆ ಅದರ ಹೊಣೆ ಹೊತ್ತವರನ್ನೂ ಸೇರಿಸುವ ಕಲಂ ಇದೆ. ನೋಂದಣಿಯೇ ಇಲ್ಲದ ವಾಟ್ಸಾಪ್ ಗುಂಪು ಅದರೊಳಗೆ ಬರುತ್ತದಾ ಎಂದು ಕೋರ್ಟ್ ಹೇಳಬೇಕು. ಬರಬಾರದು ಎಂದು ನಾನು ವಾದಿಸುತ್ತೇನೆ. ನಾಲ್ಕರಲ್ಲಿ ಮೂರು ಗುಂಪು ಬಿಟ್ಟುಬಿಡಿ, ಆರೋಗ್ಯಕ್ಕೂ ಒಳ್ಳೆಯದು.

ನಿವೃತ್ತ ಮೇಷ್ಟ್ರು: *ನಿವೃತ್ತ ಮೇಷ್ಟ್ರು ಗುಂಪು ತೊರೆದಿದ್ದಾರೆ*

ಅಡಿಕೆ ತೋಟ: ನೋಡಿ, ಹಿರಿಯರನ್ನು ಓಡಿಸಿದಿರಿ.

ವಕೀಲರು: ನಾಳೆ ಬೆಳಿಗ್ಗೆ ಕೇಸಿದೆ, ಫೈಲ್ ನೋಡಬೇಕು. @ಬಯಲಾಟ, ಆ ಪುಟ ಕಳಿಸಿ.

ಡಾಲಸ್ ಕನ್ನಡಿಗ: ನನ್ನ ಪ್ರಶ್ನೆ?

ಹೊಸಪೇಟೆ ಹುಡುಗ: ಮೇಡಂ ಲಾಸ್ಟ್ ಒಂದು, ಅಡ್ಮಿನ್ ಸ್ಟೇಟಸ್ ಹಾಕಿದ್ರೆ?

ಅಡ್ಮಿನ್: ಇವತ್ತಿಗೆ ಸಾಕು. ಇನ್ನೊಂದು ಹತ್ತು ನಿಮಿಷಕ್ಕೆ ಗುಂಪು ಮುಚ್ಚುತ್ತೇನೆ.

ಬಯಲಾಟ: ಮೇಡಂ, ಪುಟ ಕಳಿಸಿದ್ದೇನೆ. ಜಾತಿ ಬಗ್ಗೆ ಒಂದೇ ಒಂದು ಸಾಲಿತ್ತು, ಹೊಡೆದು ಹಾಕಿದೆವು, ಅದಿಲ್ಲದೆಯೂ ನಡೆಯುತ್ತದೆ. ಆದರೆ ಪಟೇಲನ ಪಾರ್ಟು ಮಾಡುವವನು ಈ ಚರ್ಚೆ ಓದಿ ಹೆದರಿ, ಮನೆಯಲ್ಲಿ ಬೇಡ ಅಂತಾರೆ ಅಂದುಬಿಟ್ಟ. ಸಂಕ್ರಾಂತಿಗೆ ಇನ್ನು ಮೂರು ವಾರವೂ ಇಲ್ಲ. ಇಲ್ಲಿ ಯಾರಾದರೂ ಮಾಡುವವರಿದ್ದರೆ ಹೇಳಿ. ಮಾತು ಜಾಸ್ತಿ ಇಲ್ಲ, ಪೇಟ, ಕೋಲು ನಮ್ಮದೇ. ಮೀಸೆ ಸ್ವಂತದ್ದಿದ್ದರೆ ಒಳ್ಳೆಯದು.

ಕೆಂಪುಮಣ್ಣು: ಎಲ್ಲಿ, ಎಷ್ಟು ಗಂಟೆಗೆ ಪ್ರಾಕ್ಟೀಸು?